ಆ ಗಂಡಸು ಎಲ್ಲಿ ಹೋದ?

ನನ್ನ ಅತ್ತೆಗೆ ಓದು ಬರುತ್ತಿದ್ದುದು ಅಷ್ಟಕ್ಕಷ್ಟೆ. ಸಂಜೆ ನಾನು ಸತ್ಯವೇದ ಓದಬೇಕು, ಅವರು ಅಕ್ಕಿ ಆರಿಸುತ್ತ ಕೇಳಬೇಕು. ಇದು ನಮ್ಮ ಮನೆಯ ರೂಢಿಯಾಗಿತ್ತು. ಒಂದು ದಿನ ಯೋಹಾನನ ಸುವಾರ್ತೆಯ 8ನೇ ಅಧ್ಯಾಯ ಬಂತು. ವ್ಯಭಿಚಾರದಲ್ಲಿ ಸಿಕ್ಕಿಬಿದ್ದ ಹೆಂಗಸನ್ನು ಶಾಸ್ತ್ರಿಗಳೂ ಫರಿಸಾಯರೂ ದೇವಾಲಯಕ್ಕೆ ಎಳೆತಂದು ಯೇಸುಸ್ವಾಮಿಯ ಎದುರು ನಿಲ್ಲಿಸುವ ಪ್ರಸಂಗ. ಅತ್ತೆ ಮೊರದಿಂದ ತಲೆಯೆತ್ತಿ, "ಒಬ್ಬಳೇ ಅದು ಹೇಗೆ ಸಿಕ್ಕಿಬೀಳ್ತಾಳೆ? ಆ ಗಂಡಸು ಎಲ್ಲಿ ಹೋದ?" ಎಂದರು.

ನನಗೆ ನಗು ಬಂತು. ಮರುಕ್ಷಣವೇ ನಿಂತೂ ಹೋಯಿತು. ಎಂದೋ ಕಳೆದ ಒಂದು ಭಾನುವಾರ ನೆನಪಾಗಿತ್ತು.

ಆಗ ನಾನು ಮದುವೆಯಾಗಿ ಈ ಊರಿಗೆ ಬಂದ ಹೊಸತು. ನಮ್ಮ ಸಭೆಯಲ್ಲಿ ಹಾಡುತ್ತಿದ್ದ ಹುಡುಗಿಯೊಬ್ಬಳು ಮದುವೆಗೆ ಮೊದಲೇ ಬಸುರಾದಳು. ಹಿರಿಯರು ಕೂಡಿ ಮಾತಾಡಿದರು. ಪ್ರಸಂಗ ಮುಗಿದ ಮೇಲೆ ಅವಳನ್ನು ಎಲ್ಲರ ಮುಂದೆ ನಿಲ್ಲಿಸಿ ತಪ್ಪೊಪ್ಪಿಗೆ ಹೇಳಿಸಿದರು. ಇನ್ನು ಪ್ರಭುಭೋಜನಕ್ಕೆ ಬರಕೂಡದು ಎಂದರು. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದಳು. ಹುಡುಗ ಯಾರೆಂದು ಎಲ್ಲರಿಗೂ ಗೊತ್ತು. ಆಮೇಲೆ ಕಾಣಿಕೆ ಚೀಲ ಹಿಡಿದು ಸಾಲು ಸಾಲಾಗಿ ಬಂದವನು ಅವನೇ. ನನ್ನ ಮುಂದೆಯೂ ಹಿಡಿದ. ನಾನು ಎಂದಿನಂತೆ ನಾಣ್ಯ ಹಾಕಿದೆ.

ವಾರದೊಳಗೆ ಅವಳ ಮನೆಯವರು ಅವಳನ್ನು ಎಲ್ಲಿಗೋ ಕಳಿಸಿಬಿಟ್ಟರು. "ಧರ್ಮಶಾಸ್ತ್ರ ಇರುವುದೇ ಹಾಗೆ, ಏನು ಮಾಡಲಿಕ್ಕಾಗುತ್ತೆ" ಎಂದು ನಾವು ಹೆಂಗಸರು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಅತ್ತೆಯ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಧರ್ಮಶಾಸ್ತ್ರ ನಿಜಕ್ಕೂ ಹಾಗಿದೆಯೇ ಎಂದು ಹುಡುಕಿದೆ. ಯಾಜಕಕಾಂಡದ 20ನೇ ಅಧ್ಯಾಯ, ಧರ್ಮೋಪದೇಶಕಾಂಡದ 22ನೇ ಅಧ್ಯಾಯ ಎರಡೂ ವ್ಯಭಿಚಾರಕ್ಕೆ ಹೇಳುವ ಶಿಕ್ಷೆ ಇಬ್ಬರಿಗೂ. ನಿಶ್ಚಿತಾರ್ಥವಾದ ಹುಡುಗಿಯನ್ನು ಊರಾಚೆಯ ಹೊಲದಲ್ಲಿ ಯಾರಾದರೂ ಬಲಾತ್ಕರಿಸಿದರೆ, ಅವಳು ಕೂಗಿಕೊಂಡಿದ್ದಾಳು, ಕೇಳುವವರು ಇರಲಿಲ್ಲ ಎಂದು ಆ ಶಾಸ್ತ್ರವೇ ಅವಳ ಪರ ನಿಲ್ಲುತ್ತದೆ. ಇನ್ನು ನಮ್ಮ ಹುಡುಗಿಯಂಥವಳ ವಿಷಯ ವಿಮೋಚನಕಾಂಡದ 22ನೇ ಅಧ್ಯಾಯದಲ್ಲಿದೆ. ಮದುವೆ ಗೊತ್ತಾಗದ ಹೆಣ್ಣನ್ನು ಮರುಳುಗೊಳಿಸಿದವನು ತೆರ ಕೊಟ್ಟು ಅವಳನ್ನು ಮದುವೆಯಾಗಬೇಕು. ಅವಳ ತಂದೆ ಒಪ್ಪದಿದ್ದರೂ ತೆರ ಮಾತ್ರ ಕೊಡಲೇಬೇಕು. ಶಾಸ್ತ್ರ ಹೊರೆ ಹೊರಿಸಿದ್ದು ಅವನ ಮೇಲೆ. ನಾವು ಅವನ ಕೈಗೆ ಕಾಣಿಕೆ ಚೀಲ ಕೊಟ್ಟಿದ್ದೆವು!

ಆ ಕಾನೂನು ಮತ್ತೆ ಬರಲಿ ಎಂದು ನಾನು ಹೇಳುತ್ತಿಲ್ಲ. ಅಲ್ಲಿ ದುಡ್ಡು ಸಲ್ಲುವುದು ತಂದೆಗೆ, ನಿನಗೇನು ಬೇಕು ಎಂದು ಹುಡುಗಿಯನ್ನು ಯಾರೂ ಕೇಳುವುದಿಲ್ಲ. ಕಲ್ಲೆಸೆಯುವ ಮಾತಂತೂ ಬೇಡವೇ ಬೇಡ. ಆದರೆ ಅಷ್ಟು ಹಳೆಯ ಕಾನೂನಿಗೂ ಅಲ್ಲೊಬ್ಬ ಗಂಡಸು ಇದ್ದ ಎಂಬುದು ಗೊತ್ತಿತ್ತು. ಮರೆತವರು ನಾವು.

ನಾವೊಬ್ಬರೇ ಅಲ್ಲ. ನಮ್ಮ ಕ್ರೈಸ್ತರಿಗೆಂದೇ ಬ್ರಿಟಿಷರು 1869ರಲ್ಲಿ ಮಾಡಿದ ವಿಚ್ಛೇದನ ಕಾಯಿದೆಯನ್ನೇ ನೋಡಿ. ಹೆಂಡತಿಯ ವ್ಯಭಿಚಾರವೊಂದನ್ನು ತೋರಿಸಿದರೆ ಗಂಡನಿಗೆ ಬಿಡುಗಡೆ. ಹೆಂಡತಿಗೆ ಗಂಡನ ವ್ಯಭಿಚಾರವಷ್ಟೇ ಸಾಲದು. ಅದರ ಜೊತೆಗೆ ಕ್ರೌರ್ಯವನ್ನೋ, ಎರಡು ವರ್ಷ ತೊರೆದುಹೋದದ್ದನ್ನೋ, ಅಂಥ ಇನ್ನೊಂದನ್ನೋ ಸಾಬೀತು ಮಾಡಬೇಕಿತ್ತು. ಇದನ್ನು ತಿದ್ದಿದ್ದು 2001ರಲ್ಲಿ. ಇನ್ನೂ ಹಿಂದಕ್ಕೆ ಹೋದರೆ, ಸುವಾರ್ತೆಯ ಈ ಪ್ರಸಂಗ ತೀರಾ ಹಳೆಯ ಗ್ರೀಕ್ ಹಸ್ತಪ್ರತಿಗಳಲ್ಲಿ ಇಲ್ಲ. ಹಲವು ಬೈಬಲುಗಳಲ್ಲಿ ಅದನ್ನು ಕಂಸದೊಳಗೆ ಅಚ್ಚು ಹಾಕುತ್ತಾರೆ. ಹೆಂಡತಿಯರಿಗೆ ಸಲಿಗೆ ಕೊಟ್ಟಂತಾದೀತೆಂದು ಹೆದರಿ ಕೆಲವರು ಇದನ್ನು ತೆಗೆದುಹಾಕಿದರು ಎಂದು ಐದನೆಯ ಶತಮಾನದಲ್ಲಿ ಸಂತ ಅಗಸ್ಟೀನ್ ಬರೆದಿದ್ದಾನೆ. ಆ ಗಂಡಂದಿರ ಹೆದರಿಕೆಯೇ ಹೆದರಿಕೆ!

ನಿಜವಾಗಿ ಅಲ್ಲಿ ಸಲಿಗೆಯೇನೂ ಇಲ್ಲ. ಮೊದಲ ಕಲ್ಲನ್ನು ಸಾಕ್ಷಿ ಹೇಳಿದವರೇ ಎಸೆಯಬೇಕೆಂಬುದು ಮೋಶೆಯ ನಿಯಮ. ಯೇಸುಸ್ವಾಮಿ ಆ ನಿಯಮವನ್ನೇ ಹಿಡಿದು, ನಿಮ್ಮಲ್ಲಿ ಪಾಪವಿಲ್ಲದವನಿಂದಲೇ ಶುರುವಾಗಲಿ ಎಂದ. ಎಲ್ಲರೂ ಹೋದ ಮೇಲೆ, ಅವಳು ಮಾಡಿದ್ದು ಪಾಪವಲ್ಲ ಎಂದೂ ಹೇಳಲಿಲ್ಲ. ಇನ್ನು ಹೀಗೆ ಬಾಳಬೇಡ ಎಂದು ಕಳಿಸಿದ. ಮತ್ತಾಯನ 5ನೇ ಅಧ್ಯಾಯದಲ್ಲಿ ಇನ್ನೂ ಕಟ್ಟುನಿಟ್ಟು. ಪರಸ್ತ್ರೀಯನ್ನು ಕೆಟ್ಟ ಆಸೆಯಿಂದ ನೋಡಿದವನು ಮನಸ್ಸಿನಲ್ಲಿ ಆಗಲೇ ತಪ್ಪಿದ್ದಾನೆ. ಅಲ್ಲಿ ಎಚ್ಚರಿಕೆ ಕೊಟ್ಟಿರುವುದು ನೋಡುವವನ ಕಣ್ಣಿಗೆ, ಅವಳ ಸೆರಗಿಗಲ್ಲ. ಮದುವೆಯ ಹಾಸಿಗೆ ಪವಿತ್ರವೆಂದು ನಾನು ಇಂದಿಗೂ ನಂಬಿದ್ದೇನೆ. ಆ ಪವಿತ್ರತೆಯನ್ನು ಕಾಯುವ ಕೆಲಸ ಹೆಣ್ಣೊಬ್ಬಳಿಗೇ ವಹಿಸಿದ್ದು ಎಂಬುದನ್ನು ಮಾತ್ರ ಈಗ ನಂಬುವುದಿಲ್ಲ.

ಕೆಲವು ವರ್ಷಗಳ ಮೇಲೆ ಸ್ತ್ರೀಯರ ಕೂಟದಲ್ಲಿ ಮಾತಾಡುವ ಸರದಿ ನನಗೆ ಬಂತು. ಇದನ್ನೆಲ್ಲ ಹೇಳಿದೆ. ಕಾಣಿಕೆ ಚೀಲದ ಸಂಗತಿಯನ್ನೂ ಹೇಳಿದೆ. ಯಾರೂ ಮಾತಾಡಲಿಲ್ಲ. ಕೊನೆಗೆ ಹಿಂದಿನ ಸಾಲಿನ ಹಿರಿಯರೊಬ್ಬರು, "ನಾನೂ ಹಾಕಿದ್ದೆ" ಎಂದರು. ಅವಳಿಗೊಂದು ಕಾಗದ ಬರೆಯೋಣವೆಂದರೆ ವಿಳಾಸ ಯಾರಲ್ಲೂ ಇರಲಿಲ್ಲ.

ಮಗಳು ದೊಡ್ಡವಳಾದಾಗ ನಾನೂ ಎಲ್ಲ ತಾಯಂದಿರಂತೆ ಅವಳನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದೆ. ಮಗನಿಗೆ ಹೇಳಬೇಕೆಂದು ಹೊಳೆದಿರಲೇ ಇಲ್ಲ. ಅವನು ಕೆಲಸಕ್ಕೆಂದು ಬೆಂಗಳೂರಿಗೆ ಹೊರಟ ಹಿಂದಿನ ರಾತ್ರಿ, ಅವನ ಅಂಗಿಗಳನ್ನು ಮಡಿಸುತ್ತ ಅದೇ ಮಾತುಗಳನ್ನು ಹೇಳಿದೆ. ಅವನಿಗೆ ಮುಜುಗರ. "ಇದೆಲ್ಲ ನನಗ್ಯಾಕಮ್ಮಾ?" ಎಂದ. "ನಿನ್ನ ತಂಗಿಗೆ ಹೇಳಿದಾಗ ಅವಳೂ ಇದನ್ನೇ ಕೇಳಿದ್ದಳು. ಕೂತುಕೋ" ಎಂದೆ.

ಅವನು ಕೂತ. ನಾನು ಅತ್ತೆಯ ಪ್ರಶ್ನೆಯಿಂದ ಶುರು ಮಾಡಿದೆ.