ಸೊಸೆಯ ಕೋರ್ಸು, ಮಾವನ ಲೆಕ್ಕ

ಬ್ಯಾಂಕಿನಲ್ಲಿ 36 ವರ್ಷ ಗುಮಾಸ್ತನಾಗಿ ದುಡಿದವನಿಗೆ ಒಂದು ರೋಗ ಅಂಟಿಕೊಳ್ಳುತ್ತದೆ. ಕಾಗದದ ಮೇಲೆ ಸೀಲು, ಸಹಿ ಇದ್ದರೆ ಸಾಕು, ನಂಬಿಬಿಡುವುದು! ಆ ರೋಗದಿಂದ ನಮ್ಮ ಮನೆಗಾದ ನಷ್ಟ 18 ಸಾವಿರ ರೂಪಾಯಿ. ಅದಕ್ಕಿಂತ ದೊಡ್ಡದು ಒಬ್ಬ ಹುಡುಗಿಯ ಕಣ್ಣೀರು.

ನನ್ನ ಸೊಸೆ ಬೀದಿಯ ಮೂಲೆಯಲ್ಲಿ ಎರಡು ಕುರ್ಚಿಯ ಪುಟ್ಟ ಬ್ಯೂಟಿ ಪಾರ್ಲರ್ ನಡೆಸುತ್ತಾಳೆ. ಮೂರು ವರ್ಷದ ಹಿಂದೆ ಒಂದು ಸಂಜೆ ಕಾಫಿ ಲೋಟದ ಪಕ್ಕ ನಾಲ್ಕು ಕರಪತ್ರ ಹರಡಿ, "ಮಾವ, ಹೇರ್ ಎಕ್ಸ್‌ಟೆನ್ಶನ್ ಕಲೀಬೇಕು. ಮದುವೆ ಹೆಣ್ಣುಗಳೆಲ್ಲ ಅದನ್ನೇ ಕೇಳ್ತಾರೆ. ಯಾವ ಕೋರ್ಸ್ ಸೇರಲಿ?" ಎಂದಳು. ಹಾಗೆಂದರೇನು ಎಂದೆ. ಇರುವ ಕೂದಲಿಗೆ ಬೇರೆ ಕೂದಲು ಸೇರಿಸಿ ಉದ್ದ, ದಪ್ಪ ಮಾಡುವುದಂತೆ.

"ಓಹೋ, ಚೌರಿ!" ಎಂದೆ. ನಮ್ಮಮ್ಮ ಹಬ್ಬದ ದಿನ ಜಡೆಗೆ ಚೌರಿ ಸೇರಿಸಿಕೊಂಡು, ರಾತ್ರಿ ಬಿಚ್ಚಿ ಗೂಟಕ್ಕೆ ನೇತುಹಾಕುತ್ತಿದ್ದಳು. ಸೊಸೆ ನಕ್ಕಳು. "ಇದು ರಾತ್ರಿ ಬಿಚ್ಚೋದಲ್ಲ ಮಾವ, ವಾರಗಟ್ಟಲೆ ತಲೆ ಮೇಲೇ ಇರೋದು."

ಆ ಮಾತನ್ನು ನಾನು ಅಂದೇ ಸರಿಯಾಗಿ ಕೇಳಿಸಿಕೊಳ್ಳಬೇಕಿತ್ತು.

ನಾಲ್ಕು ಕರಪತ್ರಗಳಲ್ಲಿ ಒಂದಕ್ಕೆ ಹೊಳೆಯುವ ಚಿನ್ನದ ಬಣ್ಣದ ಸರ್ಟಿಫಿಕೇಟಿನ ಚಿತ್ರವಿತ್ತು. ಯಾವುದೋ ವಿದೇಶದ ಹೆಸರು, ಎರಡು ಸೀಲು. ಒಂದೇ ದಿನದ ತರಬೇತಿ. "ಇದೇ ಸರಿ" ಎಂದು ತೀರ್ಪು ಕೊಟ್ಟೆ. ಸೊಸೆ ಒಂದು ಜೊತೆ ಬಳೆ ಅಡವಿಟ್ಟು ಬೆಂಗಳೂರಿಗೆ ಹೋಗಿಬಂದಳು. ಅಲ್ಲಿ ಇಪ್ಪತ್ತು ಜನ ಕುಳಿತು ಒಬ್ಬರ ಕೈಚಳಕ ನೋಡಿದರು. ಆಮೇಲೆ ನಾಲ್ಕು ಜನಕ್ಕೊಂದು ಪ್ಲಾಸ್ಟಿಕ್ ತಲೆ. ಸಂಜೆ ಸರ್ಟಿಫಿಕೇಟು, ಗುಂಪಿನ ಫೋಟೊ. ಅದನ್ನು ಚೌಕಟ್ಟು ಹಾಕಿಸಿ ಪಾರ್ಲರಿನ ಗೋಡೆಗೆ ಮೊಳೆ ಹೊಡೆದವನೂ ನಾನೇ.

ಮೊದಲ ಗಿರಾಕಿ ಪಕ್ಕದ ಬೀದಿಯ ಹುಡುಗಿ. ನಿಶ್ಚಿತಾರ್ಥಕ್ಕೆ ಉದ್ದ ಜಡೆ ಬೇಕೆಂದಳು. ಸೊಸೆ ಟೇಪ್ ಎಕ್ಸ್‌ಟೆನ್ಶನ್ ಹಾಕಿದಳು. ಅಂಟಿರುವ ಪಟ್ಟಿಗಳ ನಡುವೆ ಸ್ವಂತ ಕೂದಲಿನ ತೆಳುವಾದ ಎಳೆಯನ್ನು ಸೇರಿಸಿ ಒತ್ತುವ ವಿಧಾನ ಅದು. ಬಹಳ ಚೆನ್ನಾಗಿ ಕಂಡಿತು. ಎರಡು ತಿಂಗಳ ನಂತರ ತೆಗೆಸಲು ಬಂದಳು. ತೆಗೆಯುವುದನ್ನು ನಮ್ಮ ಸೊಸೆಗೆ ಯಾರೂ ಕೈ ಹಿಡಿದು ಕಲಿಸಿರಲಿಲ್ಲ! ಅಂಟನ್ನು ಕರಗಿಸಲು ಅದಕ್ಕೆಂದೇ ದ್ರಾವಣವಿದೆ, ಅದು ಹೀರಿಕೊಳ್ಳುವವರೆಗೆ ಕಾಯಬೇಕು. ಇವಳು ಕೊಬ್ಬರಿ ಎಣ್ಣೆ ಹಚ್ಚಿ ಅವಸರದಲ್ಲಿ ಎಳೆದಳು. ಅಂಟಿನ ಜೊತೆ ಆ ಹುಡುಗಿಯ ಸ್ವಂತ ಕೂದಲೂ ಬಂತು. ಕಿವಿಯ ಮೇಲೆ ಎರಡು ಕಡೆ ನೆತ್ತಿಯ ಚರ್ಮ ಕಾಣಿಸಿತು.

ಹುಡುಗಿ ಬೈಯಲಿಲ್ಲ. ಕನ್ನಡಿ ನೋಡಿಕೊಂಡು ಸುಮ್ಮನೆ ಅತ್ತಳು. ಸೊಸೆ ಹಣ ವಾಪಸು ಕೊಟ್ಟು ಬಂದು ರಾತ್ರಿ ಊಟ ಮಾಡಲಿಲ್ಲ. ನಾನು ಮರುದಿನ ಆ ಚೌಕಟ್ಟನ್ನು ಕೆಳಗಿಳಿಸಿದೆ. ಸೀಲು ನೋಡಿದ್ದೆನೇ ಹೊರತು ಒಂದೂ ಪ್ರಶ್ನೆ ಕೇಳಿರಲಿಲ್ಲ.

ಆಮೇಲೆ ಗೆರೆ ಹಾಕಿದ ಹಳೆಯ ನೋಟುಬುಕ್ಕು ತೆಗೆದು, ಸೊಸೆಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಪ್ರಶ್ನೆಗಳನ್ನು ಬರೆದೆ. ನಿಮ್ಮ ಮನೆಯ ಹೆಣ್ಣುಮಕ್ಕಳೂ ಇಂಥ ಕೋರ್ಸಿಗೆ ಹೊರಟಿದ್ದರೆ ಉಪಯೋಗವಾದೀತು.

ಮೊದಲನೆಯದು, ತೆಗೆಯುವುದನ್ನು ಎಷ್ಟು ಹೊತ್ತು ಕಲಿಸುತ್ತೀರಿ? ಕ್ಲಿಪ್ಪು, ಟೇಪು, ಪುಟ್ಟ ಉಂಗುರ, ಬಿಸಿ ಮಾಡಿ ಕೂರಿಸುವ ಕೆರಾಟಿನ್ ಅಂಟು, ಜಡೆಗೆ ಹೊಲಿಯುವುದು, ಹೀಗೆ ವಿಧಾನಗಳು ಹಲವು. ಒಂದೊಂದನ್ನು ಬಿಡಿಸುವ ಕ್ರಮವೂ ಬೇರೆ. ಎರಡನೆಯದು, ಒಬ್ಬ ಶಿಕ್ಷಕಿಗೆ ಎಷ್ಟು ಜನ? ಪ್ಲಾಸ್ಟಿಕ್ ತಲೆಯೋ, ಜೀವಂತ ತಲೆಯೋ? ಮೂರನೆಯದು, ಯಾರಿಗೆ ಹಾಕಬಾರದು ಎಂದು ಹೇಳಿಕೊಡುತ್ತೀರಾ? ನೆತ್ತಿಯಲ್ಲಿ ಸೋಂಕಿದ್ದವರಿಗೆ, ಬೇರು ಸಡಿಲವಾಗಿ ಕೂದಲು ಉದುರುತ್ತಿರುವವರಿಗೆ ಇದು ಸಲ್ಲದು. ಬಾಣಂತಿಯರಿಗೆ ಹೆರಿಗೆಯಾದ ಕೆಲವು ತಿಂಗಳಲ್ಲಿ ಕೂದಲು ಉದುರುವುದು ಸಾಮಾನ್ಯ. ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ಆ ಹೊತ್ತಿನಲ್ಲಿ ಭಾರ ಕಟ್ಟಿ ಎಳೆದರೆ ಇನ್ನಷ್ಟು ಕೆಡುಕು. ನಾಲ್ಕನೆಯದು, ಶುಲ್ಕದ ಜೊತೆ ಕೊಡುವ ಕಿಟ್ಟಿನಲ್ಲಿ ಏನೇನಿದೆ, ಹೊರಗೆ ಅದರ ಬೆಲೆಯೆಷ್ಟು, ರಸೀದಿ ಕೊಡುತ್ತೀರಾ? ಐದನೆಯದು, ಹಿಂದೆ ಕಲಿತ ಇಬ್ಬರನ್ನು ಮಾತನಾಡಿಸಬಹುದೇ?

ಆರನೆಯದು ನನ್ನ ಅನುಭವದ್ದು. ಕೊಪ್ಪಳದಲ್ಲಿ ಕೆಲಸಕ್ಕಿದ್ದಾಗ ಪಕ್ಕದ ಭಾಗ್ಯನಗರದಲ್ಲಿ ಕೂದಲಿನ ಉದ್ಯಮ ಕಂಡಿದ್ದೆ. ಹೆಂಗಸರು ಸಾಲಾಗಿ ಕುಳಿತು ರಾಶಿ ಕೂದಲು ಬಿಡಿಸಿ, ಬಾಚಿ, ಉದ್ದಕ್ಕೆ ತಕ್ಕಂತೆ ಕಟ್ಟು ಕಟ್ಟುತ್ತಿದ್ದರು. ತಿರುಪತಿಯಲ್ಲಿ ಮುಡಿ ಕೊಟ್ಟ ಕೂದಲಿನ ಬುಡ ಒಂದೇ ಕಡೆ ಇರುತ್ತದೆ. ಬಾಚಣಿಗೆಯಲ್ಲಿ ಉದುರಿ ಮನೆಮನೆಯಿಂದ ಬಂದ ಕೂದಲಿನಲ್ಲಿ ಬುಡ, ತುದಿ ಕಲಸಿಹೋಗಿರುತ್ತವೆ. ಹಾಗೆಯೇ ಬಳಸಿದರೆ ಬೇಗ ಸಿಕ್ಕುಗಟ್ಟುತ್ತದೆ. ಒಂದು ಎಳೆಯನ್ನು ಬುಡದಿಂದ ತುದಿಗೆ ಸವರಿದರೆ ನುಣುಪು, ತುದಿಯಿಂದ ಬುಡಕ್ಕೆ ಸವರಿದರೆ ತುಸು ಒರಟು. ಈ ಪರೀಕ್ಷೆ ಕಲಿಸುತ್ತೀರಾ ಎಂಬುದೇ ಆರನೆಯ ಪ್ರಶ್ನೆ.

ಪಟ್ಟಿ ಹಿಡಿದು ಇಬ್ಬರೂ ಮೂರು ಕಡೆ ಹೋದೆವು. ಒಂದು ಕಡೆ, "ಅಜ್ಜಾವ್ರೇ, ಕಲಿಯೋರು ನೀವಾ?" ಎಂದು ನಕ್ಕರು. ಇನ್ನೊಂದು ಕಡೆ ಇವತ್ತೇ ಕಟ್ಟಿದರೆ ಅರ್ಧ ಬೆಲೆ ಎಂದರು. ಮೂರನೆಯದು ದಾವಣಗೆರೆಯಲ್ಲಿ ಒಬ್ಬ ಹೆಂಗಸು ನಡೆಸುವ ಪಾರ್ಲರು. ಗೋಡೆಯ ಮೇಲೆ ಒಂದೂ ಸರ್ಟಿಫಿಕೇಟಿಲ್ಲ. ಏಳು ದಿನ, ನಾಲ್ಕೇ ಜನ. ಆಕೆ ನನ್ನ ಪಟ್ಟಿ ಓದಿ, "ಮೊದಲ ದಿನ ನಿಮ್ಮ ಸೊಸೆ ತಲೆಗೇ ಹಾಕ್ತೀನಿ. ಆರು ದಿನ ಹಾಕ್ಕೊಂಡು ಮಲಗಲಿ, ಸ್ನಾನ ಮಾಡಲಿ. ಏಳನೇ ದಿನ ಜೊತೆಗಿರೋರು ತೆಗೀತಾರೆ. ನೋವು ಗೊತ್ತಾದ್ರೆ ಕೈ ಮೆತ್ತಗಾಗುತ್ತೆ" ಎಂದಳು. ನಾನು ನೋಟುಬುಕ್ಕು ಮುಚ್ಚಿದೆ.

ಇನ್ನೊಂದು ಮಾತು. ಪಾರ್ಲರ್ ಕೆಲಸವನ್ನೇ ಹೊಸದಾಗಿ ಕಲಿಯುವವರು ನೇರ ಎಕ್ಸ್‌ಟೆನ್ಶನ್‌ಗೆ ಹಣ ಸುರಿಯಬೇಡಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಮತ್ತು ಅದರ ಮಾದರಿಯಲ್ಲಿ ಬ್ಯಾಂಕುಗಳು ಜಿಲ್ಲೆಗಳಲ್ಲಿ ನಡೆಸುವ ಸ್ವ ಉದ್ಯೋಗ ತರಬೇತಿ ಕೇಂದ್ರಗಳಲ್ಲಿ ಗ್ರಾಮೀಣ ಯುವಜನರಿಗೆ ಉಚಿತ ತರಬೇತಿಯಿದೆ, ಊಟ ವಸತಿ ಸಹಿತ. ಬ್ಯೂಟಿ ಪಾರ್ಲರ್ ತರಬೇತಿಯೂ ಅದರಲ್ಲಿ ಸೇರಿದೆ. ಬುನಾದಿ ಅಲ್ಲಿ ಹಾಕಿ, ಮಹಡಿ ಆಮೇಲೆ.

ಬಳೆ ಬಿಡಿಸಲು ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟರಲ್ಲಿ ಆ ಪಕ್ಕದ ಬೀದಿಯ ಹುಡುಗಿಯ ಮದುವೆ ಬಂತು. ಬರಲಾರಳು ಎಂದುಕೊಂಡಿದ್ದೆವು. ಅವಳೇ ತಾಯಿಯನ್ನು ಕರೆದುಕೊಂಡು ಪಾರ್ಲರಿಗೆ ಬಂದಳು. ಸೊಸೆ ಅವಳ ಕಿವಿಯ ಮೇಲೆ ಬೆರಳಾಡಿಸಿ ನೋಡಿ, "ಕೂದಲು ಬಂದಿದೆ, ಇನ್ನೂ ಎಳಸು. ಎಕ್ಸ್‌ಟೆನ್ಶನ್ ಈಗ ಬೇಡ" ಎಂದಳು. ಎರಡು ಸಾವಿರವಾದರೂ ಸಿಗುವ ಕೆಲಸವನ್ನು ಬೇಡ ಎಂದಳು! ಬದಲಿಗೆ ಮದುವೆಯ ದಿನ ಒಂದು ಹಗುರವಾದ ಚೌರಿ ಸೇರಿಸಿ, ಮೊಗ್ಗಿನ ಜಡೆ ಹೆಣೆದಳು.

ರಾತ್ರಿ ಆರತಕ್ಷತೆ ಮುಗಿದ ಮೇಲೆ ತಾನೇ ಹೋಗಿ, ಒಂದು ಕೂದಲೂ ಕೀಳದಂತೆ ಬಿಚ್ಚಿ ಬಂದಳು.