ಅರಬೈಲ ಘಟ್ಟ, ನಮ್ಮಪ್ಪನ ಪದ್ಮಿನಿ

"ಈ ಸಲಾ ಏನರ ಅರಬೈಲ ಘಟ್ಟದಾಗ ಗಾಡಿ ಕುದೀತಂದ್ರ ಅಲ್ಲೇ ಗುಜರಿಯಂವಗ ಕೊಟ್ಟು ಬಸ್ ಹತ್ತಿ ಬರ್ರಿ. ಅದನ್ನ ಮತ್ತ ಈ ಮನಿಗೆ ತರಬ್ಯಾಡ್ರಿ" ಅಂತ ನನ್ನ ಹೆಂಡತಿ ತಾಕೀತು ಮಾಡಿ ಇಟ್ಟಿದ್ಲು. ಅಕಿ ಹಂಗ ಅನ್ನಲಿಕ್ಕೆ ಕಾರಣಾನೂ ಇತ್ತು ಅನ್ರಿ.

ನಮ್ಮಪ್ಪಂದು ಒಂದು ಪ್ರೀಮಿಯರ್ ಪದ್ಮಿನಿ ಅದ, 1978ರ ಮಾಡೆಲ್. ಹೋದ ವರ್ಷ ಅವ್ವನ ಕಾರ್ಯ ಮಾಡಲಿಕ್ಕೆ ಅದರಾಗ ಗೋಕರ್ಣಕ್ಕ ಹೋಗಿದ್ವಿ. ಹೋಗೋವಾಗ ಇಳಿಜಾರು, ಏನೂ ತ್ರಾಸ ಆಗಲಿಲ್ಲ. ಹೊಳ್ಳಿ ಬರೋವಾಗ ಅಂಕೋಲಾ ದಾಟಿ ಘಟ್ಟ ಹತ್ತಲಿಕ್ಕೆ ಶುರು ಮಾಡಿದ್ವಿ. ಮುಂದ ಲಾರಿ ಸಾಲು, ಇರಿವಿ ಹಂಗ ಹೊಂಟಿದ್ವು. ನಾವು ಫಸ್ಟ್ ಗೇರಿನಾಗ ಅವುಗಳ ಬಾಲ ಹಿಡಕೊಂಡು ಹೊಂಟ್ವಿ. ಅರ್ಧ ಘಟ್ಟಕ್ಕ ಬಾನೆಟ್ಟಿನಿಂದ ಉಗಿ ಬಂತು. ನಾ ಗಾಡಿ ಬಾಜೂಕ ಹಚ್ಚಿ, ಟೈರಿಗೆ ಕಲ್ಲು ಕೊಡೋದ್ರಾಗ 81 ವರ್ಷದ ನಮ್ಮಪ್ಪ ಇಳದು, ಹೆಗಲ ಮ್ಯಾಲಿನ ಪಂಜೆ ಸುತ್ತಿ ರೇಡಿಯೇಟರಿನ ಕ್ಯಾಪ್ ತಿರುವಿಬಿಟ್ಟಾ.

ಕುಕ್ಕರ್ ಸೀಟಿ ಇಳಿಯೋಕಿಂತ ಮೊದಲ ಮುಚ್ಚಳಾ ತಗದ್ರ ಏನಾಗ್ತದ, ಅದ ಆತು. ಕ್ಯಾಪಿನ ಕೆಲಸಾನೂ ಕುಕ್ಕರಿನ ಲೆಕ್ಕಾನ ನೋಡ್ರಿ. ಒಳಗ ಒತ್ತಡ ಹಿಡದು ನೀರು ಕುದಿಯೋದನ್ನ ತಡೀತದ, ಒಂದು ಪೌಂಡ್ ಒತ್ತಡಕ್ಕ ಸುಮಾರು ಒಂದೂವರಿ ಡಿಗ್ರಿ ಹಂಗ. ಕ್ಯಾಪ್ ತಗದ್ರ ಅಷ್ಟೂ ನೀರು ಒಂದ ಸಲಕ್ಕ ಕುದ್ದು ಮ್ಯಾಲೆ ಹಾರ್ತದ. ನಮ್ಮಪ್ಪನ ಬಲಗೈ ಮುಂಗೈ ತನಕಾ ಸುಡ್ತು. ಮುಂದ ಒಂದೂವರಿ ತಿಂಗಳ ಅಂವಾ ಎಡಗೈಲೆ ಚಮಚಾದಾಗ ಉಂಡಾ. ಹುಳಿ ಅನ್ನ ಕಲಿಸಿ ಕೊಡ್ತಿದ್ದಾಕಿ ನನ್ನ ಹೆಂಡತಿ. ಹಿಂಗಾಗಿ ಗಾಡಿ ವಿಷಯದಾಗ ಮಾತಾಡೋ ಹಕ್ಕು ಮನ್ಯಾಗ ಎಲ್ಲಾರಕಿಂತ ಜಾಸ್ತಿ ಅಕಿಗೆ ಇತ್ತು.

ಈ ವರ್ಷ ಮತ್ತ ಗೋಕರ್ಣದ ಮಾತು ಬಂತು. ನಮ್ಮಪ್ಪ "ಬಾಡಿಗಿ ಗಾಡ್ಯಾಗ ನಾ ಬರಂಗಿಲ್ಲ" ಅಂತ ಕೂತಾ. ಗಾಡಿ ಶೆಡ್ಡಿನಾಗ, ಮಾವ ಸೊಸಿ ಮಾತುಕತಿ ಬಂದ್. ಉಳದಂವ ನಾನ. ರೇಡಿಯೇಟರ್ ಬದಲಿ ಮಾಡೋಣ ಅಂತ ಠರಾಯಿಸಿದೆ.

ಬದಲಿ ಮಾಡೋದೇನು ಸಸಾರ ಅಂದುಕೊಂಡಿದ್ದೆ. ಯಾರನ್ನ ಕೇಳಿದ್ರೂ ಒಂದೊಂದು ಹೇಳಿದ್ರು. ಗೆಳ್ಯಾ ಒಬ್ಬಾ "ಓಮ್ನಿದು ರೇಡಿಯೇಟರ್ ಕೂಡಸು, ಮುಂದ ಕರೆಂಟಿನ ಫ್ಯಾನ್ ಹಚ್ಚು, ಎಂಟು ದಿವಸದಾಗ ಮರೀತಿ" ಅಂದಾ. ಇನ್ನೊಬ್ಬಾ ಅಲ್ಯೂಮಿನಿಯಮ್ಮಿಂದು ಅಳತಿ ಕೊಟ್ಟು ಮಾಡಿಸು, 12,000 ರೂಪಾಯಿ ಆಗ್ತದ ಅಂದಾ. ಮುಂಬೈದಾಗ ಇದ್ದ ನಮ್ಮ ಕಾಕಾನ ಮಗಾ, ಅಲ್ಲೆ ಗುಜರಿಯೊಳಗ ಹಳೇ ಟ್ಯಾಕ್ಸಿಗಳ ಅಸಲೀ ರೇಡಿಯೇಟರ್ ಸಿಗ್ತಾವ, ಕಳಸ್ತೇನಿ ಅಂದಾ. ಮುಂಬೈದಾಗ ಕಡೀ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರದಾಗ ರಸ್ತೆ ಬಿಡ್ತು. ಆ ಸುದ್ದಿಯ ಪೇಪರ್ ತುಣುಕು ನಮ್ಮಪ್ಪನ ಪಂಚಾಂಗದಾಗ ಇನ್ನೂ ಅದ. ಅದಕ್ಕ ನಂಗ ಈ ಮೂರನೇದು ಮನಸ್ಸಿಗೆ ಬಂದಿತ್ತು.

ಹಳೇ ಹುಬ್ಬಳ್ಳ್ಯಾಗ ಒಬ್ಬ ರೇಡಿಯೇಟರ್ ಚಾಚಾ ಇದ್ದಾರ. ಬರೇ ರೇಡಿಯೇಟರ್ ಮಾಡೋರು, ಬ್ಯಾರೆ ಏನೂ ಮುಟ್ಟಂಗಿಲ್ಲ. ಗಾಡಿ ತಗೊಂಡು ಹೋದೆ. ನಮ್ಮಪ್ಪನೂ ಬಂದಾ, ಬ್ಯಾಡ ಅಂದ್ರೂ.

"ಯಾವ ರೇಡಿಯೇಟರ್ ಹಾಕಸೋಣ ಚಾಚಾ?" ಅಂದೆ.

"ಮೊದಲ ರೇಡಿಯೇಟರಿಂದ ತಪ್ಪು ಐತೋ ಇಲ್ಲೋ ನೋಡೋಣ ಸಾಹೇಬ್ರ. ಜ್ವರ ಬಂದೈತಿ ಅಂತ ತಲೀನ ಬದಲಿ ಮಾಡ್ತೀರೇನು?"

ಎಂಜಿನ್ ತಣ್ಣಗಿದ್ದಾಗ ಕ್ಯಾಪ್ ತಗದು, ಚಾಲೂ ಮಾಡಿ, ನೀರಿನಾಗ ಗುಳ್ಳಿ ಬರ್ತಾವೇನು ಅಂತ ಭಾಳೊತ್ತು ನೋಡಿದ್ರು. ಗುಳ್ಳಿ ಒಂದೇ ಸಮನ ಬಂದ್ರ ಹೆಡ್ ಗ್ಯಾಸ್ಕೆಟ್ ಹೋಗೇದ ಅಂತ ಅರ್ಥ, ಆವಾಗ ಹತ್ತು ರೇಡಿಯೇಟರ್ ಹಾಕಿದ್ರೂ ಗಾಡಿ ಕುದ್ದ ಕುದೀತದ. ಬರಲಿಲ್ಲ. ಕ್ಯಾಪಿನ ರಬ್ಬರ್ ಒಣಗಿ ಸೀಳಿತ್ತು. ಫ್ಯಾನ್ ಬೆಲ್ಟ್ ಸಡ್ಲಿತ್ತು. ಥರ್ಮೋಸ್ಟ್ಯಾಟ್ ಜಾಗಾ ಖಾಲಿ! ಯಾವ ಕಾಲದಾಗೋ ಯಾವನೋ ಮಿಸ್ತ್ರಿ "ನಮ್ಮ ಬಿಸಲಿಗೆ ಇದು ಬ್ಯಾಡ" ಅಂತ ಕಿತ್ತು ಒಗದಿದ್ದಾ. ನಮ್ಮ ಕಡೆ ಹಳೇ ಗಾಡಿಗಳಾಗ ಇದೊಂದು ಶಾಸ್ತ್ರ ಇದ್ದಂಗ ಅದ, ಕುದೀತಂದ್ರ ಥರ್ಮೋಸ್ಟ್ಯಾಟ್ ತಗದು ಒಗಿಯೋದು.

ಆಮ್ಯಾಲೆ ಎಂಜಿನ್ ಬಿಸಿ ಮಾಡಿ ಬಂದ್ ಮಾಡಿದ್ರು. ಫ್ಯಾನ್ ನಿಂತ ಮ್ಯಾಲೆ ಜಾಳಿ ಮ್ಯಾಲೆ ಮೆಲ್ಲಗ ಅಂಗೈ ಆಡಿಸಿದ್ರು. ನನ್ನ ಕೈನೂ ಇಡಿಸಿದ್ರು. ಒಂದು ಕಡೆ ಬಿಸಿ, ನಡುವ ತಣ್ಣಗ, ಮತ್ತ ಬಿಸಿ. ತಣ್ಣಗಿದ್ದಲ್ಲೆ ನೀರ ಹರಿಯಂಗಿಲ್ಲ.

ರೇಡಿಯೇಟರ್ ಬಿಚ್ಚಿ, ಜ್ವಾಲಿ ಹಿಡದು ಬೆಸುಗೆ ಕರಗಿಸಿ ಮ್ಯಾಲಿನ ಹಿತ್ತಾಳಿ ಟ್ಯಾಂಕ್ ಎತ್ತಿದ್ರು. ನಳಿಗೆಗಳ ಬಾಯಾಗ ಬೆಳ್ಳಗ ಸುಣ್ಣಾ ಕಟ್ಟಿತ್ತು. ಅರ್ಧಕ್ಕರ್ಧ ಪೂರ್ತಿ ಬಂದ್. ನಮ್ಮ ಮನಿ ಗೀಝರಿನ ಕಾಯಿಲ್ ಎರಡು ವರ್ಷಕ್ಕೊಮ್ಮೆ ಹೊರಗ ಬರ್ತದಲ್ಲಾ, ಥೇಟ್ ಹಂಗ. ನಮ್ಮ ಬೋರಿನ ನೀರು ಅಷ್ಟು ಗಡಸು. ಅದ ನೀರನ್ನ ನಮ್ಮಪ್ಪ ದಿನಾ ಮುಂಜಾನೆ ಸ್ನಾನ ಸಂಧ್ಯಾವಂದನಿ ಆದ ಮ್ಯಾಲೆ, ತಾಮ್ರದ ಚರಿಗಿಲೆ ಗಾಡಿಗೆ ಹಾಕ್ತಿದ್ದಾ. ನಲವತ್ತು ವರ್ಷ. ಅದನ್ನ ಮೈಂಟೆನನ್ಸ್ ಅಂತ ಎಲ್ಲಾರ ಮುಂದ ಹೇಳ್ಕೋತಿದ್ದಾ.

ನಮ್ಮಪ್ಪ ಕಟಗಿ ಸ್ಟೂಲ್ ಮ್ಯಾಲಿಂದ ಎದ್ದು ಬಂದು ಬಗ್ಗಿ ನೋಡಿದಾ. "ಇದನ್ನ ನಾನ ಕುಡಿಸೇನಿ" ಅಂದಾ. ಮತ್ತ ಹೋಗಿ ಕೂತಾ. ಚಾಚಾ ಏನೂ ಅನ್ನಲಿಲ್ಲ. ನಾನೂ ಅನ್ನಲಿಲ್ಲ.

ನಳಿಗ್ಯಾಗ ಸಳಿ ಹಾಕಿ ಸ್ವಚ್ಛ ಮಾಡ್ಲಿಕ್ಕೆ ಬರ್ತದ, ಆದ್ರ ಹೊರಗಿನ ಪಟ್ಟಿ ಬೆರಳಿನಿಂದ ಮುಟ್ಟಿದ್ರ ಹಪ್ಪಳದಂಗ ಉದುರ್ತಿದ್ವು. ಅಂದ ಮ್ಯಾಲೆ ಬದಲಿ ಆಗೋದ ಖರೇ. ಮೂರೂ ಸಲಹಾ ಚಾಚಾನ ಮುಂದ ಇಟ್ಟೆ.

ಗುಜರಿ ಮಾಲಿಗೆ ನಕ್ಕರು. "ಮುಂಬೈ ಟ್ಯಾಕ್ಸಿ ನಿಮ್ಮ ಗಾಡಿ ಹತ್ತರಷ್ಟು ಓಡಿರತೈತಿ. ಅದರ ಹೊಟ್ಟಿ ಇದಕ್ಕಿಂತ ಛಲೋ ಇರತೈತೇನು?"

ಓಮ್ನಿ ಮಾತಿಗೆ ಬಾನೆಟ್ ಒಳಗ ಬೆರಳು ತೋರಿಸಿದ್ರು. "ಇದು ಡೈನಮೋ ಗಾಡಿ. ಕರೆಂಟಿನ ಫ್ಯಾನಿಗೆ ಕರೆಂಟ್ ಎಲ್ಲಿಂದ ತರ್ತೀರಿ?" ನಂಗ ಇದು ಹೊಳದ ಇದ್ದಿಲ್ಲ. ಎಂಜಿನ್ ನಿಧಾನ ತಿರುಗಿದ್ರ ಡೈನಮೋ ಕರೆಂಟ್ ಕೊಡೋದ ಕಡಿಮಿ. ಫ್ಯಾನ್ ಬೇಕಾಗೋದು ಆವಾಗ, ಲಾರಿ ಹಿಂದ ತೆವಳೋವಾಗ. ಮ್ಯಾಲೆ ಮಳಿ, ವೈಪರ್, ಹೆಡ್‌ಲೈಟ್. ಬ್ಯಾಟರಿ ಘಟ್ಟದ ಮ್ಯಾಲೆ ಮುಟ್ಟೋದ್ರಾಗ ಸತ್ತಿರ್ತದ.

ಉಳದದ್ದು ಅಲ್ಯೂಮಿನಿಯಮ್. ಅದನ್ನ ನಾ ಬೈಯಂಗಿಲ್ಲ. ಹಗುರ ಇರ್ತದ. ತಾಮ್ರದಷ್ಟು ಶಾಖಾ ಒಯ್ಯೋ ಲೋಹ ಅಲ್ಲ ಖರೇ, ಆದ್ರ ನಳಿಗೆ ಅಗಲ ಮಾಡಿ ಛಂದ ಕಟ್ಟಿದ್ರ ತಂಪು ಮಾಡೋದ್ರಾಗ ತಾಮ್ರಕ್ಕೇನೂ ಕಡಿಮಿ ಬೀಳಂಗಿಲ್ಲ. ಊರಾಗ ಓಡಿಸೋ ಗಾಡಿ ಇದ್ರ ನಾ ಅದನ್ನ ತಗೋತಿದ್ದೆ. ಆದ್ರ ಕೆಟ್ಟ ನೀರು ಬಿದ್ರ ಅದು ಒಳಗಿಂದ ತೂತು ಬೀಳ್ತದ, ಮತ್ತ ತೂತು ಬಿತ್ತಂದ್ರ ಯಲ್ಲಾಪುರದ ಗ್ಯಾರೇಜಿನಂವಾ ಏನೂ ಮಾಡ್ಲಿಕ್ಕೆ ಬರಂಗಿಲ್ಲ. ತಾಮ್ರ ಹಿತ್ತಾಳಿ ಇದ್ರ ಬೆಸುಗೆ ಹಾಕಿ ಕಳಸ್ತಾನ. ಹಂಗ ಕಳಸಿದ್ದೂ ಇತ್ತು! ನಾ ಸಾಲಿಗೆ ಹೋಗೋ ಹುಡುಗ ಇದ್ದಾಗ ಕಲ್ಲು ಬಡದು ಕೆಳಗಿನ ಟ್ಯಾಂಕ್ ಸೋರಿತ್ತು. ಯಲ್ಲಾಪುರದಾಗ ಒಬ್ಬಾ ಎಂಟಾಣೆ ಅಗಲದ ತೇಪಿ ಹಚ್ಚಿ ಕೊಟ್ಟಿದ್ದಾ. ಅದು ಆಗೋ ತನಕಾ ಅವ್ವ ನಮ್ಮನ್ನ ರಸ್ತೆ ಬಾಜೂ ಕೂಡಿಸಿ ಅವಲಕ್ಕಿ ತಿನ್ನಿಸಿದ್ಲು. ಆ ತೇಪಿ ಇವತ್ತಿಗೂ ಸೋರಿಲ್ಲ.

ಅದಕ್ಕ ಹಳೇ ಎರಡೂ ಟ್ಯಾಂಕ್ ಇಟ್ಟು, ನಡುವಿನ ಕೋರ್ ಅಷ್ಟ ತಾಮ್ರದ್ದು ಹೊಸಾದು ಹಾಕ್ಸೋಣ ಅಂದೆ. 7,500 ರೂಪಾಯಿ. "ತೇಪಿ ಹಂಗ ಇರ್ತದಪ್ಪಾ" ಅಂತ ನಮ್ಮಪ್ಪಗ ಸ್ವಲ್ಪ ಭಾವುಕ ಆಗಿ ಹೇಳಿದೆ. "ಯಾವ ತೇಪಿ? ನೀರು ನಿಂತ್ರ ಸಾಕು" ಅಂದಾ.

ಆಶಾಕ್ಕ ಬಿದ್ದು "ಇನ್ನೊಂದು ಸಾಲು ನಳಿಗೆ ಜಾಸ್ತಿ ಹಾಕ್ರಿ, ದಪ್ಪ ಮಾಡ್ರಿ" ಅಂದಿದ್ದೆ. ದಪ್ಪ ಆದ್ರ ಫ್ಯಾನ್ ಬಡೀತೈತಿ, ಗಾಳಿನೂ ಹಾಯಂಗಿಲ್ಲ, ಹಿಂದಿನ ಸಾಲಿಗೆ ಮುಂದಿನ ಸಾಲಿನ ಬಿಸಿಗಾಳಿನ ಗತಿ ಅಂದ್ರು ಚಾಚಾ. ಇದ್ದಷ್ಟ ಸಾಲು ಇಟ್ರು. ಹೊಸಾ ಕ್ಯಾಪ್, ಬೆಲ್ಟ್, ಥರ್ಮೋಸ್ಟ್ಯಾಟ್ ಆತು. ಡ್ಯಾಶ್‌ಬೋರ್ಡ್ ಕೆಳಗ ಒಂದು ಬ್ಯಾರೆ ಟೆಂಪರೇಚರ್ ಮೀಟರ್ ಕೂಡಿಸಿಕೊಂಡೆ.

ಗಾಡಿ ಮನಿಗೆ ಬಂದ ದಿವಸ ನನ್ನ ಹೆಂಡತಿ ಏನೂ ಕೇಳಲಿಲ್ಲ. ಸುಣ್ಣದ ಸುದ್ದಿ ನಾನ ಹೇಳಿದೆ. ಮರುದಿವಸ ನೋಡ್ತೇನಿ, ಶೆಡ್ಡಿನಾಗ ಕೂಲಂಟ್ ಡಬ್ಬಿ, ಬಾಜೂಕ ಡಿಸ್ಟಿಲ್ಡ್ ವಾಟರಿನ ಐದು ಲೀಟರಿನ ಎರಡು ಕ್ಯಾನ್. ಚರಿಗಿ ಮಾಯ. "ಮಾವಾ, ಇನ್ನ ಗಾಡಿ ನೀರು ನಾ ನೋಡ್ಕೋತೇನಿ, ನೀವು ತುಳಸಿಗೆ ಹಾಕ್ರಿ" ಅಂದ್ಲು. ಕೈ ಸುಟ್ಟ ಮ್ಯಾಲೆ ಗಾಡಿ ವಿಷಯದಾಗ ಅಕಿ ಅವಗ ಆಡಿದ ಮೊದಲನೇ ಮಾತು ಅದು. ನಮ್ಮಪ್ಪ "ಹೂಂ" ಅಂದಾ.

ಮೊನ್ನೆ ಗೋಕರ್ಣದಿಂದ ಮೂರೂ ಮಂದಿ ಹೊಳ್ಳಿ ಬಂದ್ವಿ. ಮತ್ತ ಅವ ಲಾರಿ, ಅದ ಫಸ್ಟ್ ಗೇರ್. ನನ್ನ ಒಂದು ಕಣ್ಣು ರಸ್ತೆ ಮ್ಯಾಲೆ, ಒಂದು ಮುಳ್ಳಿನ ಮ್ಯಾಲೆ. ತೊಂಬತ್ತರ ತನಕಾ ಏರ್ತು, ಅಲ್ಲೆ ನಿಂತ್ತು. ಹಿಂದ ಕೂತಾಕಿ ಎರಡು ಸಲಾ "ಎಷ್ಟದ?" ಅಂದ್ಲು. ನಮ್ಮಪ್ಪ ಕಣ್ಣು ಮುಚ್ಚಿಕೊಂಡು ಕೂತಿದ್ದಾ, ನಿದ್ದಿ ಹತ್ತೇದ ಅಂದುಕೊಂಡಿದ್ದೆ. ಘಟ್ಟ ಮುಗದು ಇಡಗುಂದಿ ಹತ್ರ ಗಾಡಿ ನಿಲ್ಲಿಸಿ, ಸುಮ್ನ ಒಂದು ಸಲಾ ನೋಡೋಣ ಅಂತ ಬಾಗಲಾ ತಗದೆ.

"ಕ್ಯಾಪ್ ಮುಟ್ಟಬ್ಯಾಡ" ಅಂದಾ, ಕಣ್ಣು ತಗೀಲಾರದ.