ಕರೆಯಲ್ಲಿ ಕೂಗುವ ಹೆಸರು

ಘಟ್ಟದ ಮೇಲಿನ ನಾಡಿನಲ್ಲಿ ಕಾರಹುಣ್ಣಿಮೆಯ ಸಂಜೆ ಎತ್ತುಗಳು ಕರಿ ಹರಿಯುವುದನ್ನು ಕಂಡು ಬೆಳೆದ ವಾಚಕರಿಗೆ, ಘಟ್ಟದ ಕೆಳಗೆ ಕೋಣಗಳಿಗೂ ಅಂತಹುದೊಂದು ಓಟವುಂಟೆಂದರೆ ಸೋಜಿಗವೆನಿಸಲಾರದು. ಆದರೆ ಕರಿ ಹರಿಯುವುದು ವರ್ಷಕ್ಕೊಮ್ಮೆ ಬರುವ ಸಂಜೆಯ ಸಂಭ್ರಮ. ತುಳುನಾಡಿನ ಕಂಬಳವಾದರೋ ಕೊಯ್ಲು ಮುಗಿದ ಮೇಲೆ ಚಳಿಗಾಲವಿಡೀ ಊರಿಂದೂರಿಗೆ ಸಾಗುತ್ತ, ಒಂದೊಂದೂರಿನಲ್ಲಿ ಹಗಲಿರುಳು ನಡೆಯುವ ಸ್ಪರ್ಧೆ. ನೇತ್ರಾವತಿಯ ದಡದ ಬಂಟ್ವಾಳ, ಫಲ್ಗುಣಿಯ ತಟದ ವೇಣೂರನ್ನು ಒಡಲಲ್ಲಿಟ್ಟುಕೊಂಡ ಬೆಳ್ತಂಗಡಿ, ಬಸದಿಗಳ ಮೂಡುಬಿದಿರೆ, ಈ ಮೂರೂ ಅದರ ತವರುಗಳೆಂದರೆ ತಪ್ಪಾಗದು.

‘ಕಂಬಳ’ವೆಂಬ ಪದದ ನಿಷ್ಪತ್ತಿಯ ವಿಷಯದಲ್ಲಿ ವಿದ್ವಾಂಸರಲ್ಲಿ ಏಕಮತವಿಲ್ಲ. ‘ಕಂಪ’ವೆಂದರೆ ಕೆಸರು, ಕೆಸರಿನ ಕಳವೇ ಕಂಬಳವಾಯಿತೆಂಬುದು ಒಂದು ಪಕ್ಷ. ತುಳುವರ ಬಾಯಲ್ಲಿ ಅದು ‘ಕಂಬುಲ’. ಓಡುವ ಕೆಸರುಹಾದಿಗೆ ‘ಕರೆ’ಯೆಂದು ಹೆಸರು, ಓಟ ಮುಗಿಯುವ ಏರುದಿಬ್ಬಕ್ಕೆ ‘ಮಂಜೊಟ್ಟಿ’. ಹಿಂದೆ ಇದು ಬೇಸಾಯದ ವಿಧಿಯೇ ಆಗಿತ್ತು. ಮನೆತನದ ದೊಡ್ಡ ಗದ್ದೆಗೆ ಕೋಣಗಳನ್ನಿಳಿಸಿ, ಹೂವಿನಿಂದ ಸಿಂಗರಿಸಿದ ಕಂಬವನ್ನು ನಡುಗದ್ದೆಯಲ್ಲಿ ನೆಟ್ಟು ನಡೆಸುವ ಪೂಕರೆಯ ಕಂಬಳಗಳು ಇಂದಿಗೂ ಅಲ್ಲಲ್ಲಿ ಉಳಿದಿವೆ. ಎರಡು ಕರೆಗಳನ್ನು ಸಮಾನಾಂತರವಾಗಿ ತೋಡಿ, ಎರಡು ಜೊತೆ ಕೋಣಗಳನ್ನು ಏಕಕಾಲಕ್ಕೆ ಬಿಡುವ ‘ಜೋಡುಕರೆ’ಯ ಕ್ರಮ ಬಲವಾದುದು 1970ರ ಆಸುಪಾಸಿನಿಂದ ಈಚೆಗೆ.

ಈ ಜೋಡುಕರೆಗಳಿಗೆ ಇಟ್ಟ ಹೆಸರುಗಳೇ ಒಂದು ಸೊಗಸಾದ ಅಧ್ಯಾಯ. ವೇಣೂರಿನಲ್ಲಿ ಸೂರ್ಯ-ಚಂದ್ರ, ಬಂಟ್ವಾಳ ತಾಲೂಕಿನ ಕಕ್ಯಪದವಿನಲ್ಲಿ ಸತ್ಯ-ಧರ್ಮ, ಹೊಕ್ಕಾಡಿಗೋಳಿಯಲ್ಲಿ ವೀರ-ವಿಕ್ರಮ, ಮೂಡುಬಿದಿರೆಯ ಕಡಲಕೆರೆಯಲ್ಲಿ ಕೋಟಿ-ಚೆನ್ನಯ. ಬಂಟ್ವಾಳದ ಇನ್ನೊಂದು ಕಂಬಳಕ್ಕೆ ಮೂಡೂರು-ಪಡೂರೆಂದೇ ಹೆಸರು. ತುಳುವಿನಲ್ಲಿ ಮೂಡು ಪೂರ್ವ, ಪಡು ಪಶ್ಚಿಮ. ಮೂಡಣ ಬಿದಿರು ಮೂಡುಬಿದಿರೆಯಾದಂತೆ, ಪಡುವಣದ್ದು ಪಡುಬಿದಿರೆ. ಮೂಡಣದ ಊರೂ ಪಡುವಣದ ಊರೂ ಅಕ್ಕಪಕ್ಕದ ಕೆಸರಿನಲ್ಲಿ ಓಡಲೆಂದು ಹರಸಿದಂತಿದೆ ಆ ಹೆಸರು. ಕೋಟಿ-ಚೆನ್ನಯರ ಹೆಸರಿನ ಔಚಿತ್ಯ ಇನ್ನೂ ಆಳವಾದುದು. ಪಾಡ್ದನಗಳಲ್ಲಿ ಆ ಅವಳಿ ವೀರರಿಗೂ ಬುದ್ಯಂತನಿಗೂ ವೈರ ಹೊತ್ತಿಕೊಳ್ಳುವುದು ಇಂತಹುದೇ ಒಂದು ಕಂಬಳದ ಗದ್ದೆಯ ಉಳುಮೆ ಮತ್ತು ನೀರಿನ ತಕರಾರಿನಿಂದ. ಗದ್ದೆಯ ಮರ್ಯಾದೆಗಾಗಿ ಹೋರಾಡಿದವರ ಹೆಸರನ್ನು ಕರೆಗೇ ಇಟ್ಟ ಜನರ ನೆನಪಿನ ಶಕ್ತಿಯನ್ನು ಮೆಚ್ಚಲೇಬೇಕು.

ಸ್ಪರ್ಧೆಯ ವಿಭಾಗಗಳು ಆರು. ಹಗ್ಗ ಮತ್ತು ನೇಗಿಲುಗಳಲ್ಲಿ ಕೋಣಗಳ ವಯಸ್ಸಿನಂತೆ ಹಿರಿಯ, ಕಿರಿಯವೆಂಬ ಭೇದವುಂಟು. ಉಳಿದವು ಅಡ್ಡಹಲಗೆ ಮತ್ತು ಕನೆಹಲಗೆ. ಕನೆಹಲಗೆಯಲ್ಲಿ ಮುಖ್ಯವಾದುದು ವೇಗವಲ್ಲ, ನೀರಿನ ಎತ್ತರ. ತೂತುಳ್ಳ ಮರದ ಹಲಗೆಯ ಮೇಲೆ ಕಾಲೂರಿ ನಿಂತವನನ್ನು ಕೋಣಗಳು ಎಳೆದೊಯ್ಯುವಾಗ, ತೂತಿನಿಂದ ಚಿಮ್ಮಿದ ನೀರು ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಯನ್ನು ಮುಟ್ಟಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂಬುದು ಅದರ ಅಳತೆ. ಇರುಳಿನ ದೀಪದ ಬೆಳಕಿನಲ್ಲಿ ಆ ಕೆಸರುನೀರು ಬೆಳ್ಳಿಯ ಬೀಸಣಿಗೆಯಂತೆ ಮೇಲೇಳುವ ದೃಶ್ಯವನ್ನು ಕಂಡವರು ಮರೆಯಲಾರರು. ಪೂರ್ವದಲ್ಲಿ ಗೆದ್ದವರಿಗೆ ಸಿಗುತ್ತಿದ್ದುದು ತೆಂಗಿನಕಾಯಿ, ಬಾಳೆಗೊನೆ, ಇಂದು ಚಿನ್ನ. ಹಿಂದೆ ಕಣ್ಣಳತೆಯಿಂದಲೇ ತೀರ್ಪು ಹೇಳುತ್ತಿದ್ದ ಕಡೆ ಈಗ ವಿದ್ಯುನ್ಮಾನ ಯಂತ್ರಗಳು ಕ್ಷಣದ ನೂರನೆಯ ಒಂದಂಶವನ್ನೂ ಎಣಿಸುತ್ತವೆ. ತೀರ್ಪಿನ ಬಗೆಗಿನ ಜಗಳ ಇದರಿಂದ ಕಡಿಮೆಯಾಯಿತೆಂಬುದು ಮಾತ್ರ ಅರ್ಧಸತ್ಯ. ಊರೂರ ಅಭಿಮಾನ ಯಂತ್ರಕ್ಕೆ ತಲೆಬಾಗುವಂತಹುದಲ್ಲ.

ಆ ಅಭಿಮಾನದ ಕೇಂದ್ರವೇ ಹೆಸರು. ಜೊತೆ ಕೋಣಗಳು ಕರೆಗಿಳಿಯುವಾಗ ಧ್ವನಿವರ್ಧಕದಲ್ಲಿ ಮೊದಲು ಕೇಳುವುದು ಊರು, ಬಳಿಕ ಮನೆತನ, ಆಮೇಲೆ ಯಜಮಾನ. ಒಂದು ಗುತ್ತಿನ ಮನೆಯ ಕೋಣಗಳು ಸೋತರೆ ಆ ಗ್ರಾಮವೇ ಸೋತಂತೆ. ಗೆದ್ದರೆ ಮರುದಿನ ಊರಿನ ಪ್ರತಿಯೊಬ್ಬನೂ ಗೆದ್ದವನೇ. 1974ರ ಭೂಸುಧಾರಣೆಯ ತರುವಾಯ ಗದ್ದೆಗಳು ಗೇಣಿದಾರರ ಕೈಸೇರಿ, ಕಂಬಳದ ಹೊಣೆ ಮನೆತನಗಳಿಂದ ಸಮಿತಿಗಳಿಗೆ ದಾಟುತ್ತ ಬಂದಿತು. ಕೋಣ ಸಾಕುವವರಲ್ಲಿ ಈಗ ಎಲ್ಲ ಜಾತಿಯವರೂ, ಕ್ರೈಸ್ತ ಮುಸಲ್ಮಾನರೂ ಉಂಟು. ಉಳುಮೆಗೆ ಹಚ್ಚದೆ, ಹುರುಳಿ ಬೇಯಿಸಿ ಹಾಕಿ, ಎಣ್ಣೆ ತಿಕ್ಕಿ, ವರ್ಷವಿಡೀ ಒಂದು ಜೊತೆಯನ್ನು ಪೋಷಿಸುವ ಖರ್ಚು ಚಿನ್ನದ ಬಹುಮಾನದಿಂದ ತೀರುವಂತಹುದಲ್ಲವೆಂಬುದು ಸಾಕುವವರಿಗೂ ತಿಳಿದದ್ದೇ. ಹೆಸರಿಗಾಗಿಯೇ ಅವರು ಸಾಕುತ್ತಾರೆ.

ಆದರೆ ಕರೆಯಲ್ಲಿ ಎಂದೂ ಕೂಗದ ಹೆಸರುಗಳೂ ಇದ್ದವು. ಕಂಬಳದ ಹಿಂದಿನ ರಾತ್ರಿ ಕೊರಗ ಜನಾಂಗದವರು ಗದ್ದೆಯ ಬದಿಯಲ್ಲಿ ಇಬ್ಬನಿಯಲ್ಲೇ ಕುಳಿತು ಡೋಲು ಬಾರಿಸಬೇಕಾಗಿತ್ತು. ‘ಪನಿಕುಲ್ಲುನಿ’ ಎಂದು ಅದಕ್ಕೆ ಹೆಸರು, ಪನಿಯೆಂದರೆ ಇಬ್ಬನಿ. ಬೆಳಗಾದಾಗ ಕೋಣಗಳಿಗಿಂತ ಮುಂಚೆ ಅವರನ್ನೇ ಕೆಸರಿನಲ್ಲಿ ಓಡಿಸುತ್ತಿದ್ದರು. ಮುಳ್ಳೋ ಕಲ್ಲಿನ ಚೂರೋ ಇದ್ದರೆ ಅವರ ಕಾಲಿಗೆ ನೆಡಲಿ, ಕೋಣಗಳ ಗೊರಸಿಗೆ ತಾಗದಿರಲಿ ಎಂಬುದು ಅದರ ಉದ್ದೇಶ. ಕಂಬಳದ ವೈಭವವನ್ನು ವರ್ಣಿಸುವ ಲೇಖನಗಳು ಈ ಪ್ರಸಂಗವನ್ನು ಬಹುಮಟ್ಟಿಗೆ ಬಿಟ್ಟುಬಿಡುತ್ತವೆ, ಬಿಡತಕ್ಕದ್ದಲ್ಲ. ಇಂತಹ ಅಜಲು ಪದ್ಧತಿಯನ್ನು ನಿಷೇಧಿಸುವ ಶಾಸನವೊಂದನ್ನು ರಾಜ್ಯ ತಂದದ್ದು 2000ದಲ್ಲಿ. ಮನುಷ್ಯರ ಕಾಲಿಗಿಂತ ಪಶುವಿನ ಗೊರಸು ಬೆಲೆಯುಳ್ಳದ್ದಾಗಿದ್ದ ಕಾಲ ಅಷ್ಟೇನೂ ಹಿಂದಿನದಲ್ಲ.

ಕೋಣಗಳ ಹಿಂದೆ ಬರಿಗಾಲಲ್ಲಿ ಓಡುವವನ ಸ್ಥಿತಿ ಅಷ್ಟು ಹೀನವಲ್ಲದಿದ್ದರೂ, ಅವನೂ ಬಹುಕಾಲ ಯಜಮಾನನ ಹೆಸರಿನ ನೆರಳಿನಲ್ಲೇ ಇದ್ದವನು. ಫಲಿತಾಂಶದಲ್ಲಿ ಕೊನೆಗೊಂದು ಸಾಲು: ‘ಓಡಿಸಿದವರು’. ಕನೆಹಲಗೆಯಾದರೆ ‘ಹಲಗೆ ಮುಟ್ಟಿದವರು’. ಆ ಸಾಲು ಘಟ್ಟ ದಾಟಿ ಲೋಕವನ್ನೇ ಸುತ್ತಿದ್ದು 2020ರ ಫೆಬ್ರವರಿಯಲ್ಲಿ. ಮೂಡುಬಿದಿರೆ ಬಳಿಯ ಮಿಜಾರಿನ, ಕಟ್ಟಡ ಕೆಲಸದಿಂದ ಜೀವನ ಸಾಗಿಸುತ್ತಿದ್ದ ಶ್ರೀನಿವಾಸ ಗೌಡರು ಐಕಳದ ಕರೆಯಲ್ಲಿ 142.5 ಮೀಟರು ದೂರವನ್ನು 13.62 ಸೆಕೆಂಡುಗಳಲ್ಲಿ ಮುಗಿಸಿದರು. ನೂರು ಮೀಟರಿಗೆ ಲೆಕ್ಕ ಹಾಕಿದರೆ 9.55, ಜಮೈಕಾದ ಉಸೇನ್ ಬೋಲ್ಟ್ 2009ರಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58. ಅದೇ ತಿಂಗಳು ವೇಣೂರಿನ ಸೂರ್ಯ-ಚಂದ್ರ ಕರೆಯಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟರು ಆ ವೇಗವನ್ನೂ ಮೀರಿಸಿದರು. ಈ ಹೋಲಿಕೆ ಶಾಸ್ತ್ರಶುದ್ಧವಲ್ಲವೆಂಬುದನ್ನು ಒಪ್ಪಬೇಕು: ಹಗ್ಗ ಹಿಡಿದವನಿಗೆ ಕೋಣಗಳ ಸೆಳೆತದ ನೆರವುಂಟು. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷಾ ಓಟಕ್ಕೆ ಕರೆದಾಗ ಗೌಡರು ಹೋಗಲಿಲ್ಲ. ಕರೆಯಲ್ಲಿ ಓಡುವುದು ಹಿಮ್ಮಡಿಯ ಬಲದಿಂದ, ಮೈದಾನದಲ್ಲಿ ಬೆರಳುಗಳ ಬಲದಿಂದ. ಎರಡೂ ಬೇರೆಯೆಂಬುದು ಅವರ ಉತ್ತರದ ಸಾರ. ದಿನಪತ್ರಿಕೆಗಳ ಆರ್ಭಟದ ನಡುವೆ ಅಷ್ಟು ವಿವೇಕದ ಮಾತು ಬಂದದ್ದು ಓಡಿದವನ ಬಾಯಿಂದ ಮಾತ್ರ.

ಊರಿನ ಹೆಸರಿಗಾಗಿ ಆಡುವ ಈ ಬಗೆ ತುಳುನಾಡಿಗಷ್ಟೇ ಸೀಮಿತವಲ್ಲ. ಐರ್ಲೆಂಡಿನಲ್ಲಿ ಹರ್ಲಿಂಗ್, ಗೇಲಿಕ್ ಫುಟ್ಬಾಲ್ ಎಂಬ ದೇಶೀಯ ಕ್ರೀಡೆಗಳುಂಟು. ಅವನ್ನುಳಿಸಲೆಂದು 1884ರಲ್ಲಿ ಥರ್ಲ್ಸ್ ಎಂಬ ಪಟ್ಟಣದಲ್ಲಿ ಸಂಘವೊಂದು ಹುಟ್ಟಿತು. ಕೌಂಟಿಯೆಂದರೆ ಜಿಲ್ಲೆ, ಜಿಲ್ಲೆಗೊಂದು ತಂಡ. ಆಟಗಾರರಿಗೆ ಸಂಬಳವಿಲ್ಲ; ವಾರವಿಡೀ ಶಾಲೆಯಲ್ಲೋ ಹೊಲದಲ್ಲೋ ದುಡಿದು ಭಾನುವಾರ ಅವರು ಜಿಲ್ಲೆಗಾಗಿ ಆಡುತ್ತಾರೆ. ಸುಮಾರು 35 ಸಾವಿರ ಜನರಷ್ಟೇ ಇರುವ ಲೀಟ್ರಿಮ್ ಎಂಬ ಪುಟ್ಟ ಜಿಲ್ಲೆ ತನ್ನ ಪ್ರಾಂತದ ಫುಟ್ಬಾಲ್ ಪ್ರಶಸ್ತಿಯನ್ನು 1927ರಲ್ಲಿ ಗೆದ್ದದ್ದು ಬಿಟ್ಟರೆ ಮತ್ತೆ ಗೆದ್ದದ್ದು 1994ರಲ್ಲಿ. ಅರುವತ್ತೇಳು ವರ್ಷ ಕಾಯುವ ತಾಳ್ಮೆ ಅಭಿಮಾನದಿಂದಲ್ಲದೆ ಬೇರಾವುದರಿಂದ ಬಂದೀತು? ಒಂದು ವ್ಯತ್ಯಾಸ ಮಾತ್ರ ಗಮನಾರ್ಹ. ಅಲ್ಲಿ ಆಡಿದವನ ಹೆಸರೇ ಜಿಲ್ಲೆಯ ಹೆಸರಿನೊಡನೆ ನಿಲ್ಲುತ್ತದೆ. ಇಲ್ಲಿ ಓಡುವವನು ಇಂದು ಒಂದು ಮನೆತನದ ಕೋಣಗಳ ಹಿಂದೆ, ನಾಳೆ ಇನ್ನೊಂದರ ಹಿಂದೆ. ಗೆಲುವು ಮನೆತನದ್ದು, ಉಸಿರು ಅವನದು.

ಈ ನಡುವೆ ಕಂಬಳವೇ ನಿಂತುಹೋಗುವ ಕಾಲವೂ ಬಂದಿತ್ತು. 2014ರ ಮೇ ತಿಂಗಳ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಅನಿಶ್ಚಯ ಕವಿಯಿತು. 2016ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ತಡೆ ನೀಡಿತು. ರಾಜ್ಯದ ತಿದ್ದುಪಡಿ ಶಾಸನಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ದೊರೆತು, 2023ರ ಮೇ 18ರಂದು ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಪ್ರಾಣಿದಯೆಯವರ ಆಕ್ಷೇಪವನ್ನು ಕೇವಲ ಪಟ್ಟಣಿಗರ ಹುಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ. ಬೆತ್ತದ ಬೀಸಿಗೆ ಲಗಾಮು ಬಿದ್ದದ್ದು ಆ ಆಕ್ಷೇಪದಿಂದಲೇ. ಅದೇ ವರ್ಷ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕರೆ ತೋಡಿ ಕಂಬಳ ನಡೆಸಿದಾಗ ಜನಸಾಗರವೇ ನೆರೆದಿತ್ತು. ಆದರೆ ಅರಮನೆ ಮೈದಾನಕ್ಕೆ ಮೂಡೂರೂ ಇಲ್ಲ, ಪಡೂರೂ ಇಲ್ಲ.

ಬಂಟ್ವಾಳ, ಬೆಳ್ತಂಗಡಿಗಳ ಗದ್ದೆಗಳು ಒಂದೊಂದಾಗಿ ಅಡಕೆ ತೋಟಗಳಾಗುತ್ತಿವೆ, ರಬ್ಬರು ಮರಗಳು ಗುಡ್ಡವನ್ನೇರಿವೆ. ಕಾರ್ಕಳ ಬಳಿಯ ಮಿಯ್ಯಾರಿನಲ್ಲಿ ಓಟಗಾರರಿಗೆ ತರಬೇತಿ ಕೊಡುವ ಕಂಬಳ ಅಕಾಡೆಮಿ ನಡೆದಿದೆ. ಅಲ್ಲಿಗೆ ಬರುವ ತರುಣರಲ್ಲಿ ನೇಗಿಲ ಮೇಣಿ ಹಿಡಿದು ಗದ್ದೆಯುತ್ತವರು ಸಿಗುವುದು ಅಪೂರ್ವ. ಅವರು ನೇಗಿಲನ್ನು ಮೊದಲು ಹಿಡಿಯುವುದೇ ಕರೆಯಲ್ಲಿ. ಅವರಲ್ಲಿ ಯಾರಾದರೊಬ್ಬನು ಮಂಜೊಟ್ಟಿಯನ್ನೇರಿದ ಮರುಗಳಿಗೆ ಧ್ವನಿವರ್ಧಕ ಊರನ್ನು ಹೇಳುತ್ತದೆ, ಮನೆತನವನ್ನು ಹೇಳುತ್ತದೆ, ಯಜಮಾನನನ್ನು ಹೇಳುತ್ತದೆ. ಅನಂತರ ಈಚಿನ ವರ್ಷಗಳಲ್ಲಿ, ಜನರ ಕೂಗು ಇನ್ನೂ ಅಡಗುವ ಮುನ್ನವೇ, ಓಡಿಸಿದವನ ಹೆಸರನ್ನೂ ಹೇಳುತ್ತದೆ.